ಹಿಂದಿನ ಬೆಂಚು

ಶಿಕಾರಿಪುರದ ನಮ್ಮ ಮನೆಯ ಪಡಸಾಲೆ ಭಾನುವಾರ ನಮ್ಮದಾಗಿರುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಗೋಡೆಗೆ ಒತ್ತರಿಸಿಟ್ಟ ಬೆಂಚುಗಳ ಮೇಲೆ ಅಮ್ಮ ಸಂಡಿಗೆ ಹರವುತ್ತಿದ್ದಳು, ನಾನು ಮಲಗುತ್ತಿದ್ದೆ, ಅಪ್ಪ ಹಳ್ಳಿ ತಿರುಗಿ ಬಂದು ಕಾಲು ಚಾಚುತ್ತಿದ್ದ. ಶನಿವಾರ ಸಂಜೆ ಎಲ್ಲವನ್ನೂ ಎತ್ತಿಟ್ಟು, ನೆಲ ಸಾರಿಸಿ, ಬೆಂಚುಗಳನ್ನು ಸಾಲಾಗಿ ಎಳೆದು, ಮುಂದೆ ಒಂದು ಮೇಜಿಗೆ ಬಿಳಿ ಬಟ್ಟೆ ಹಾಸಿದರೆ ಅದೇ ದೇವಾಲಯ. ಊರಿನಲ್ಲಿದ್ದ ಕ್ರೈಸ್ತರು ಬೆರಳೆಣಿಕೆಯ ಮನೆಯವರು. ಆಸ್ಪತ್ರೆಯ ಆಯಾ ಮಾರ್ಥಮ್ಮ, ಒಬ್ಬ ಕಾಂಪೌಂಡರು, ಇಬ್ಬರು ಮೇಷ್ಟರು, ಪೊಲೀಸಿನವರೊಬ್ಬರು, ಅವರವರ ಮಕ್ಕಳು ಮರಿ. ಅಪ್ಪ ಉಪದೇಶಿ. ಪಾದ್ರಿ ಎಂದರೆ ಪಟ್ಟ ಆದವರು, ಶಿವಮೊಗ್ಗದಲ್ಲಿ ಇರುವವರು, ಮೂರು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ಸಭೆಗೆ ಕರ್ತನ ಭೋಜನ ಕೊಟ್ಟು ಹೋಗುವವರು. ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಿ ರಸ, ಅಷ್ಟೇ ಆ ಭೋಜನ. ಆದರೆ ಅದನ್ನು ತೆಗೆದುಕೊಳ್ಳುವವರು ಒಳಗಿನವರು, ತೆಗೆದುಕೊಳ್ಳದವರು ಹೊರಗಿನವರು. ಉಳಿದ ವಾರಗಳಲ್ಲಿ ಪ್ರಾರ್ಥನೆ ನಡೆಸುವುದು, ಹಳ್ಳಿಗಳಲ್ಲಿ ಬೋಧಿಸುವುದು, ಸತ್ತವರನ್ನು ಮಣ್ಣು ಮಾಡುವುದು ಉಪದೇಶಿಯ ಪಾಲು. ಸಂಬಳ ಕಡಿಮೆ, ಗೌರವ ಜಾಸ್ತಿ, ಮನೆ ಮಿಷನ್ನಿನದು. ಉಪದೇಶಿಯ ಕೆಲಸ ಹೋದ ದಿನ ಮನೆಯೂ ಹೋಗುತ್ತದೆ ಎಂಬುದು ನನ್ನಂಥ ಚಿಕ್ಕ ಹುಡುಗಿಗೂ ಗೊತ್ತಿತ್ತು.

ಅಪ್ಪ ಹುಟ್ಟು ಕ್ರೈಸ್ತ. ಅವನ ಅಜ್ಜನ ಕಾಲಕ್ಕೇ ಅವರ ಮನೆಯಲ್ಲಿ ದೀಕ್ಷಾಸ್ನಾನ ಆಗಿತ್ತು, ಹಾಗಾಗಿ ನಮ್ಮ ಪುಟ್ಟ ಸಭೆಯಲ್ಲಿ ಅವನದು ಒಂಥರಾ ಹಳೆಯ ಮನೆತನ. ಅಮ್ಮ ಹಾಗಲ್ಲ. ಸೊರಬದ ಕಡೆ ಹೊಸಬಾಳೆಯ ಒಕ್ಕಲು ಮನೆಯ ಹುಡುಗಿ. ಹೆತ್ತವರಿಬ್ಬರೂ ಚಳಿಜ್ವರದಲ್ಲಿ ಹೋದ ಮೇಲೆ ಯಾರೋ ಪುಣ್ಯಾತ್ಮರು ಅವಳನ್ನು ಮಿಷನ್ ಬೋರ್ಡಿಂಗಿಗೆ ಸೇರಿಸಿದರು. ಅಲ್ಲಿ ಗೌರಿ ಹೋಗಿ ಎಸ್ತೇರ್ ಆದಳು. ತವರು ಅಂತ ಉಳಿದದ್ದು ಒಬ್ಬ ಚಿಕ್ಕಮ್ಮ. ನಾನು ಹೊಸಬಾಳೆ ಅಜ್ಜಿ ಎನ್ನುತ್ತಿದ್ದ ಆಕೆ ವರ್ಷಕ್ಕೊಮ್ಮೆ ಒಂದು ಗಂಟು ಅವಲಕ್ಕಿ ಹೊತ್ತು ಬರುತ್ತಿದ್ದಳು, ಅಮ್ಮನನ್ನು ಗೌರಿ ಎಂದೇ ಕರೆಯುತ್ತಿದ್ದಳು, ನಮ್ಮ ಅಡುಗೆಮನೆಯಲ್ಲಿ ಮಾತ್ರ ಉಣ್ಣುತ್ತಿರಲಿಲ್ಲ. ಬೈಬಲಿನ ಪಾಠ ನಮ್ಮ ಸಭೆಯಲ್ಲಿ ಅಮ್ಮನಷ್ಟು ಬಲ್ಲವರು ಇರಲಿಲ್ಲ. ಅಪ್ಪ ಪ್ರಸಂಗದ ನಡುವೆ ಎಲ್ಲಾದರೂ ತಡವರಿಸಿದರೆ ಅಮ್ಮ ಮುಂದಿನ ಬೆಂಚಿನಿಂದ ತುಟಿಯಲ್ಲೇ ಹೇಳಿಕೊಡುತ್ತಿದ್ದಳು. ಆದರೂ ಮಾರ್ಥಮ್ಮನಿಗೆ ಸಮಾಧಾನವಿಲ್ಲ.

"ಎಸ್ತೇರಮ್ಮನ ಭಕ್ತಿ ಎಲ್ಲಾ ಖರೇನ. ಆದ್ರೂ ತವರಿನ ವಾಸನಿ ಅಷ್ಟು ಲಗೂನ ಹೋಗಂಗಿಲ್ಲ ನೋಡ್ರಿ," ಎಂದು ನಮ್ಮ ಮನೆಯ ಕಾಫಿಯನ್ನೇ ಕುಡಿಯುತ್ತಾ ಹೇಳುತ್ತಿದ್ದಳು. ಅಮ್ಮ ನಕ್ಕು ಇನ್ನೊಂದು ಲೋಟ ಬಗ್ಗಿಸುತ್ತಿದ್ದಳು.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ತಮ್ಮ ಹುಟ್ಟಿದ. ಗುಂಡುಗುಂಡಗೆ ಚೆನ್ನಾಗಿಯೇ ಇದ್ದ. ಹಲ್ಲು ಮೂಡುವ ಹೊತ್ತಿಗೆ ಜ್ವರ ಬಂತು. ಮೈ ಸೆಟೆದುಕೊಳ್ಳುತ್ತಿತ್ತು, ಕಣ್ಣುಗುಡ್ಡೆ ಮೇಲಕ್ಕೆ ಹೋಗುತ್ತಿತ್ತು, ಆಮೇಲೆ ಗಂಟೆಗಟ್ಟಲೆ ಅಳುವೂ ಇಲ್ಲದೆ ಬಿದ್ದಿರುತ್ತಿದ್ದ. ಕಾಂಪೌಂಡರು ಕೊಟ್ಟ ಕೆಂಪು ಔಷಧ ಕುಡಿಸಿದ್ದೂ ಆಯಿತು, ಸಭೆಯವರೆಲ್ಲ ಮಂಡಿಯೂರಿ ಪ್ರಾರ್ಥಿಸಿದ್ದೂ ಆಯಿತು. ಅಕ್ಕಪಕ್ಕದ ಹೆಂಗಸರು ಬಾಗಿಲಲ್ಲಿ ನಿಂತು ನೋಡಿ, ಇದು ಬಾಲಗ್ರಹ, ಔಷಧಕ್ಕೆ ಬಗ್ಗುವುದಲ್ಲ ಎಂದು ತಮ್ಮೊಳಗೇ ಮಾತಾಡಿಕೊಂಡು ಹೋದರು. ಸುದ್ದಿ ತಿಳಿದು ಹೊಸಬಾಳೆ ಅಜ್ಜಿ ಬಂದಳು. ಅಷ್ಟರಲ್ಲಿ ಅಮ್ಮನಿಗೂ ಜ್ವರ ಹಿಡಿದಿತ್ತು, ಎದ್ದು ಕೂರಲಾರದೆ ಮಗುವಿನ ಪಕ್ಕದಲ್ಲೇ ಮಲಗಿದ್ದಳು.

"ನಮ್ಮೂರಾಗೆ ದಾರ ಕಟ್ಟೋ ಅಯ್ಯ ಇದಾನೆ ಗೌರಿ. ಎಷ್ಟು ಕೂಸು ಉಳಿಸವ್ನೆ. ನನ್ನ ಕೈಲಿ ಕೊಟ್ಟು ಕಳಿಸು."

"ಬ್ಯಾಡ ಚಿಕ್ಕಮ್ಮ. ಅದನ್ನೆಲ್ಲ ಬಿಟ್ಟು ಬಂದಾಯ್ತು ನಾನು. ಉಳಿಸೋನು ಉಳಿಸ್ತಾನೆ."

ಅಜ್ಜಿ ಕಣ್ಣೊರೆಸಿಕೊಂಡು ಹೊರಟುಹೋದಳು. ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದ. ಮರುದಿನ ಬೆಳಿಗ್ಗೆ ಅಮ್ಮ ಜ್ವರದ ಮಂಪರಿನಲ್ಲಿದ್ದಾಗ ಅಪ್ಪ ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡ, ನನ್ನ ಕೈ ಹಿಡಿದುಕೊಂಡ, ಸೊರಬದ ಬಸ್ಸು ಹತ್ತಿದ. ಅಮ್ಮನ ಹತ್ತಿರ ಕೂರಲು ಪಕ್ಕದ ಮನೆಯವರಿಗೆ ಹೇಳಿ, ಮಗುವನ್ನು ದೊಡ್ಡ ಡಾಕ್ಟರಿಗೆ ತೋರಿಸುತ್ತೇನೆ ಎಂದಿದ್ದ. ಸೊರಬದಲ್ಲಿ ಇಳಿದು ಯಾರದೋ ಗಾಡಿಯಲ್ಲಿ ಹೊಸಬಾಳೆಗೆ ಹೋದೆವು. ದಾರ ಕಟ್ಟುವವನ ಜಗುಲಿಯ ಅಂಚಿನಲ್ಲಿ, ಉಪದೇಶಿಯ ಬಿಳಿ ಕೋಟು ಹಾಕಿದ್ದ ನಮ್ಮಪ್ಪ, ಜಾತ್ರೆಗಳಲ್ಲಿ ನಿಂತು ದಾರ ಬರೀ ದಾರ ಎಂದು ಗಂಟಲು ಹರಿದುಕೊಳ್ಳುತ್ತಿದ್ದ ನಮ್ಮಪ್ಪ, ಮಗುವನ್ನು ಎರಡೂ ಕೈಯಲ್ಲಿ ಮುಂದಕ್ಕೆ ಚಾಚಿಕೊಂಡು ಕೂತ. ಯಾವೂರಾಯ್ತು, ಏನು ಕೆಲಸ ಎಂದು ಆ ಮನುಷ್ಯ ಕೇಳಿದ. ಅಪ್ಪ ಎರಡಕ್ಕೂ ಉತ್ತರ ಕೊಡಲಿಲ್ಲ. ನನ್ನ ಮಗ, ಎಂದಷ್ಟೇ ಹೇಳಿದ. ಆ ಮನುಷ್ಯ ಇನ್ನೇನೂ ಕೇಳದೆ ತಾಮ್ರದ ಪುಟ್ಟ ತಾಯತ ಪೋಣಿಸಿದ ಕರಿ ದಾರವನ್ನು ತಮ್ಮನ ಸೊಂಟಕ್ಕೆ ಕಟ್ಟಿದ. ಗಂಟು ಹಾಕುವಾಗ ಅಪ್ಪ ಬಗ್ಗಿ ಮಗುವಿನ ಕಾಲು ಹಿಡಿದುಕೊಂಡಿದ್ದ. ವಾಪಸು ಬರುವಾಗ ಬಸ್ಸಿನಲ್ಲಿ ಅವನು ನನ್ನ ಮುಖ ನೋಡಲಿಲ್ಲ.

ಸಂಜೆ ಜ್ವರ ಇಳಿದು ಅಮ್ಮ ಮಗುವಿನ ಬಟ್ಟೆ ಬದಲಿಸಲು ಕೂತಳು.

"ಇದೆಂತದು ಇದು?"

"ಇರಲಿ ಬಿಡು ಎಸ್ತೇರ್. ಒಂದು ವಾರ ಇರಲಿ. ಹುಷಾರಾದ ಮೇಲೆ ನಾನೇ ಕತ್ತರಿಸಿ ಹಾಕುತ್ತೇನೆ. ನಿನ್ನ ಕಾಲಿಗೆ ಬೀಳುತ್ತೇನೆ, ಇರಲಿ."

ಅಪ್ಪ ಮನೆಯಲ್ಲೂ ಪುಸ್ತಕದ ಹಾಗೆ ಮಾತಾಡುವವನು, ಅವತ್ತು ಆ ಪುಸ್ತಕದ ಮಾತು ಒಡೆದು ಒಡೆದು ಬಂತು. ಅಮ್ಮ ಅವನನ್ನು ತುಂಬ ಹೊತ್ತು ನೋಡಿದಳು. ಆಮೇಲೆ ದಾರದ ಮೇಲೆ ಬಟ್ಟೆ ಎಳೆದು ಮಗುವನ್ನು ಎದೆಗೆ ಹಾಕಿಕೊಂಡಳು. ಆ ವಾರ ತುಂಬಲಿಲ್ಲ, ತಮ್ಮ ಹೋಗಿಬಿಟ್ಟ.

ಮಣ್ಣಿಗೆ ಕಳಿಸುವ ಮುಂಚೆ ಮೈ ತೊಳೆಯಲು ಮಾರ್ಥಮ್ಮ ಬಂದಳು. ಹಿತ್ತಿಲ ಕಲ್ಲಿನ ಮೇಲೆ ಬೆಚ್ಚಗಿನ ನೀರು ಹುಯ್ದು ಬಟ್ಟೆ ಬಿಚ್ಚಿದವಳು ಕೈ ಹಿಂದಕ್ಕೆ ಎಳೆದುಕೊಂಡಳು. ಸುತ್ತ ಸಭೆಯವರೆಲ್ಲ ನಿಂತಿದ್ದರು.

"ಏನ್ರೀ ಉಪದೇಶಿಗಳೇ, ಏನಿದು?"

ಎಲ್ಲರೂ ಅಪ್ಪನ ಕಡೆ ತಿರುಗಿದರು. ಅಪ್ಪ ಬಾಯಿ ತೆರೆದ. ಮತ್ತೆ ಮುಚ್ಚಿದ. ಗೋಡೆಗೆ ಒರಗಿ ಕೂತಿದ್ದ ಅಮ್ಮ ಕೂತಲ್ಲಿಂದಲೇ ಹೇಳಿದಳು.

"ನಾನೇ ಮಾರ್ಥಮ್ಮ. ಚಿಕ್ಕಮ್ಮನ ಕೈಲಿ ತರಿಸಿ ನಾನೇ ಕಟ್ಟಿದ್ದು. ಇವರಿಗೆ ಗೊತ್ತಿಲ್ಲ."

ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ. ಅದೇ ನನಗೆ ಇವತ್ತಿಗೂ ಹೊಟ್ಟೆ ಉರಿಸುವುದು. ಇಡೀ ಸಭೆಯಲ್ಲಿ ಒಬ್ಬರಿಗಾದರೂ ಅನುಮಾನ ಬರಬೇಕಿತ್ತು, ಬರಲಿಲ್ಲ. ಹೊಸಬಾಳೆಯ ಹುಡುಗಿ ಕಟ್ಟಿದಳೆಂದರೆ ಸಹಜ, ಮೂರು ತಲೆಮಾರಿನ ಕ್ರೈಸ್ತ ಕಟ್ಟುವುದುಂಟೇ. ಅಪ್ಪನ ನೀತಿವಂತಿಕೆ ಅವನು ಹುಟ್ಟುವ ಮೊದಲೇ ಊರಿಗೆಲ್ಲ ಗೊತ್ತಿದ್ದ ಸಂಗತಿ. ಮಾರ್ಥಮ್ಮ ದಾರವನ್ನು ಕತ್ತರಿಯಿಂದ ಕತ್ತರಿಸಿ ಬಚ್ಚಲ ಒಲೆಗೆ ಹಾಕಿದಳು. ಅಪ್ಪ ಮಣ್ಣಿನ ಪ್ರಾರ್ಥನೆಯನ್ನು ಒಂದಕ್ಷರ ತಪ್ಪದೆ ಮಾಡಿದ. ಎಲ್ಲ ಮುಗಿದ ಮೇಲೆ ಅಮ್ಮ ನನ್ನನ್ನು ಹತ್ತಿರ ಕೂರಿಸಿಕೊಂಡು, ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ ಅನ್ನು ಮಗಾ, ಎಂದಳು. ನನ್ನನ್ನು ಯಾರೂ ಕೇಳಲಿಲ್ಲ.

ಪಾದ್ರಿ ಅಯ್ಯನವರು ಕೆಟ್ಟವರಲ್ಲ. ವಯಸ್ಸಾದವರು, ಮೆಲುಮಾತಿನವರು, ಬಂದಾಗ ನನಗೆ ಪೆಪ್ಪರಮಿಂಟು ತರುವವರು. ಆದರೆ ದಾರ, ತಾಯತ, ಹರಕೆ ಇವುಗಳಲ್ಲಿ ಮಿಷನ್ನಿನ ಕಟ್ಟಳೆ ಖಡಾಖಂಡಿತ. ಕಟ್ಟಿದವರು ಭೋಜನದಿಂದ ಹೊರಗೆ, ಪಶ್ಚಾತ್ತಾಪದ ಫಲ ಕಾಣುವವರೆಗೆ ಹಿಂದಿನ ಬೆಂಚಿನಲ್ಲಿ ಕೂರಬೇಕು. ಉಪದೇಶಿಯೇ ಕಟ್ಟಿದ್ದರೆ ಕೆಲಸವೇ ಹೋಗುತ್ತಿತ್ತು. ಅದನ್ನು ಅಯ್ಯನವರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಶಿವಮೊಗ್ಗದಿಂದ ಅವರ ಅಪ್ಪಣೆ ಬಂದ ಮುಂದಿನ ಭಾನುವಾರ ಅಪ್ಪ ಎದ್ದು ನಿಂತು, ಸಹೋದರಿ ಎಸ್ತೇರಮ್ಮನವರನ್ನು ಕರ್ತನ ಮೇಜಿನಿಂದ ದೂರ ಇಡಲಾಗಿದೆ, ಸಭೆ ಆಕೆಗಾಗಿ ಪ್ರಾರ್ಥಿಸಲಿ ಎಂದು ಹೇಳಿದ. ಅಮ್ಮ ಮುಂದಿನ ಸಾಲಿನಿಂದ ಎದ್ದು, ಸೆರಗು ಹೊದ್ದುಕೊಂಡು, ಎಲ್ಲರ ನಡುವೆ ಹಾದು ಹಿಂದೆ ಹೋಗಿ ಕೂತಳು. ಅವಳದೇ ಪಡಸಾಲೆ, ಹಿಂದಿನ ದಿನ ಅವಳೇ ಸಾರಿಸಿದ ನೆಲ. ಆ ಬೆಂಚು ಅಡುಗೆಮನೆ ಬಾಗಿಲಿಗೆ ಅಂಟಿಕೊಂಡಂತಿತ್ತು. ಕೀರ್ತನೆ ನಡೆಯುವಾಗ ಒಳಗೆ ಹಾಲು ಉಕ್ಕುವ ಸದ್ದಾದರೆ ಎದ್ದುಹೋಗಿ ಇಳಿಸಿ ಬರುತ್ತಿದ್ದಳು. ಒಳ್ಳೇದೇ ಆಯ್ತು, ಅನುಕೂಲ, ಎಂದು ನಗುತ್ತಿದ್ದಳು. ಆ ನಗು ನನಗೆ ಹೆದರಿಕೆ ತರಿಸುತ್ತಿತ್ತು.

ಇನ್ನೊಂದು ವಿಚಿತ್ರ ಹೇಳಬೇಕು. ಭೋಜನದ ರೊಟ್ಟಿ ಸುಡುತ್ತಿದ್ದವಳು ಅಮ್ಮನೇ. ನಮ್ಮೂರಿನಲ್ಲಿ ಬೇಕರಿ ಇರಲಿಲ್ಲ. ಗೋಧಿ ಹಿಟ್ಟಿಗೆ ಉಬ್ಬಿಸುವ ಹುಳಿ ಹಾಕದೆ, ಉಪ್ಪೂ ಹಾಕದೆ ನಾದಿ, ದಪ್ಪಗೆ ಲಟ್ಟಿಸಿ, ಎಲ್ಲೂ ಕರಿ ಚುಕ್ಕೆ ಬೀಳದಂತೆ ಸಣ್ಣ ಉರಿಯಲ್ಲಿ ಕಾಯಿಸಬೇಕು. ಒಣದ್ರಾಕ್ಷಿ ನೆನೆಹಾಕಿ, ಕಿವುಚಿ, ಬಟ್ಟೆಯಲ್ಲಿ ಸೋಸಿ ರಸ ತೆಗೆಯಬೇಕು. ಬೇರೆ ಯಾರಿಗೂ ಅದು ಕೈಹತ್ತಿರಲಿಲ್ಲ. ಮಾರ್ಥಮ್ಮ ಒಮ್ಮೆ ಪ್ರಯತ್ನ ಮಾಡಿದಳು, ಅಯ್ಯನವರ ಕಟ್ಟಿಸಿದ ಹಲ್ಲು ಅಲ್ಲಾಡಿತು. ಆಮೇಲೆ ಹೊರಗಿಟ್ಟವಳ ಕೈಯ ರೊಟ್ಟಿ ಆಗಬಹುದೇ ಎಂಬ ತಕರಾರನ್ನು ಯಾರೂ ಎತ್ತಲಿಲ್ಲ. ಹೀಗೆ ಅಮ್ಮ ಬೆಳಗಿನ ಜಾವ ಎದ್ದು ಸ್ನಾನ ಮಾಡಿ ರೊಟ್ಟಿ ಸುಟ್ಟು, ಬಿಳಿ ಬಟ್ಟೆ ಮುಚ್ಚಿ ಮೇಜಿನ ಮೇಲಿಟ್ಟು, ಹಿಂದೆ ಹೋಗಿ ಕೂರುತ್ತಿದ್ದಳು. ತಟ್ಟೆ ಹಿಡಿದು ಸಾಲಿನಿಂದ ಸಾಲಿಗೆ ಹೋಗುತ್ತಿದ್ದವನು ಅಪ್ಪ. ಹಿಂದಿನ ಬೆಂಚಿನ ಹತ್ತಿರ ಬಂದಾಗ ನೆಲ ನೋಡಿಕೊಂಡು ತಿರುಗಿಬಿಡುತ್ತಿದ್ದ. ತಾನು ತೆಗೆದುಕೊಳ್ಳುತ್ತಿದ್ದನೇ ಎಂದರೆ, ಆಗ ತೆಗೆದುಕೊಳ್ಳುತ್ತಿದ್ದ. ತೆಗೆದುಕೊಳ್ಳದಿದ್ದರೆ ಯಾಕೆ ಎಂದು ಕೇಳುತ್ತಾರಲ್ಲ. ಬಾಯಿಗೆ ಹಾಕಿಕೊಂಡು ಅಗಿಯದೆ ನುಂಗುತ್ತಿದ್ದ.

ಅಪ್ಪ ಬದಲಾದ. ಮೊದಲು ಶುಕ್ರವಾರದ ಉಪವಾಸ ಹಿಡಿದ, ಆಮೇಲೆ ಬುಧವಾರವೂ ಸೇರಿತು, ಕೊನೆಗೆ ಅವನು ಉಣ್ಣುವ ದಿನ ಯಾವುದು ಎಂದು ನಾವೇ ಕೇಳಬೇಕಾಯಿತು. ಚಾಪೆ ಬಿಟ್ಟು ಬರೀ ನೆಲದ ಮೇಲೆ ಮಲಗಿದ. ಬಸ್ಸು ಬಿಟ್ಟ. ಬಳ್ಳಿಗಾವಿ, ಬಂದಳಿಕೆ, ಎಲ್ಲಿಗಾದರೂ ಕಾಲ್ನಡಿಗೆ. ಅಂಗಾಲು ಬಿರಿದು ಚಪ್ಪಲಿಯಲ್ಲಿ ರಕ್ತ ಅಂಟಿರುತ್ತಿತ್ತು. ಆ ಕಾಲದಲ್ಲಿ ಗಂಡಸರು ಮಾಡದ ಕೆಲಸ, ಬೀದಿ ಬಾವಿಯಿಂದ ಕೊಡ ಹೊತ್ತು ನೀರು ತಂದು ಅಮ್ಮನ ಹಂಡೆ ತುಂಬಿಸುತ್ತಿದ್ದ. ಬಾವಿಕಟ್ಟೆಯ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದರು. ಸಭೆಯವರು ಮಾತ್ರ, ಹೆಂಡತಿಯ ಪಾಪಕ್ಕೆ ಎಷ್ಟು ನೋಯುತ್ತಾರೆ ನೋಡಿ ನಮ್ಮ ಉಪದೇಶಿಗಳು, ಎಂದು ತಲೆದೂಗಿದರು. ಹೊಗಳಿಕೆ ಕಿವಿಗೆ ಬಿದ್ದಷ್ಟೂ ಅಪ್ಪ ಇನ್ನೊಂದು ಊಟ ಬಿಡುತ್ತಿದ್ದ.

ಅದೇ ಹೊತ್ತಿನಲ್ಲಿ ಅವನ ಬೋಧನೆ ಒಂದೇ ವಿಷಯಕ್ಕೆ ಬಂದು ನಿಂತಿತು. ರಜೆಯ ದಿನಗಳಲ್ಲಿ ಕೀರ್ತನೆ ಹಾಡಲು ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ಬಂದಳಿಕೆಯ ಪಾಳು ಗುಡಿಯ ಕಂಬಕ್ಕೆ ಒರಗಿ ಕೂತ ಕುರಿ ಕಾಯುವವರಿಗೆ, ಸಂತೆ ಮುಗಿಸಿ ಹೋಗುವ ಒಕ್ಕಲಿಗರಿಗೆ ಅವನು ಹೇಳುತ್ತಿದ್ದದ್ದು ಇಷ್ಟೇ: ನೀತಿ ಎಂಬುದು ನಾವು ದುಡಿದು ಗಳಿಸುವ ವಸ್ತುವಲ್ಲ. ಅದು ಬೇರೊಬ್ಬರು ನೇಯ್ದ ಬಟ್ಟೆ. ನಮ್ಮ ಮೈ ಕೊಳಕಾಗಿದ್ದರೂ ಆತ ತನ್ನದನ್ನು ಬಿಚ್ಚಿ ನಮಗೆ ಹೊದಿಸುತ್ತಾನೆ, ನಮ್ಮ ಕೊಳಕನ್ನು ತಾನು ಹೊದ್ದುಕೊಳ್ಳುತ್ತಾನೆ. ನಾವು ಮಾಡಬೇಕಾದದ್ದು ಏನೂ ಇಲ್ಲ. ತೆಗೆದುಕೊಂಡರೆ ಸಾಕು. ಬಿಸಿಲಿಗೆ ತುಟಿ ಒಣಗಿ, ಹಿಂದಿನ ದಿನದಿಂದ ಅನ್ನ ಕಾಣದ ಹೊಟ್ಟೆಯಲ್ಲಿ ಅಪ್ಪ ಹೀಗೆ ಹೇಳುವಾಗ ಒಮ್ಮೊಮ್ಮೆ ಧ್ವನಿ ಬಿದ್ದುಹೋಗುತ್ತಿತ್ತು. ಕುರಿಯವರು ಮರ್ಯಾದೆಯಿಂದ ಕೇಳಿ, ನೀರು ಕೊಟ್ಟು, ಎದ್ದುಹೋಗುತ್ತಿದ್ದರು. ನನಗೆ ಅಮ್ಮನ ಸೆರಗು ನೆನಪಾಗುತ್ತಿತ್ತು. ಯಾರ ಬಟ್ಟೆಯನ್ನು ಯಾರು ಹೊದ್ದಿದ್ದಾರೆ ಎಂದು ನನಗೆ ತಿಳಿಯುವಷ್ಟು ಅಪ್ಪನಿಗೆ ತಿಳಿಯುವುದಿಲ್ಲವೇ ಎಂದು ಸಿಟ್ಟು ಬರುತ್ತಿತ್ತು. ತಿಳಿದಿತ್ತು. ತಿಳಿದದ್ದೇ ಅವನ ಕಷ್ಟ.

ಮಳೆಗಾಲ ಎರಡು ಸಲ ಬಂದು ಹೋದ ಮೇಲೆ ಅಯ್ಯನವರು ಹೇಳಿ ಕಳಿಸಿದರು. ಎಸ್ತೇರಮ್ಮ ಶಿಕ್ಷೆಯನ್ನು ತಾಳ್ಮೆಯಿಂದ ಹೊತ್ತಿದ್ದಾರೆ, ಈ ಸಲ ಬಂದಾಗ ಮತ್ತೆ ಮೇಜಿಗೆ ಸೇರಿಸಿಕೊಳ್ಳೋಣ, ಸಭೆಯ ಮುಂದೆ ತಪ್ಪು ಒಪ್ಪಿಕೊಂಡರೆ ಸಾಕು ಎಂದು. ಅಮ್ಮನಿಗೆ ಆದ ಸಂತೋಷವನ್ನು ನಾನು ಕಣ್ಣಾರೆ ಕಂಡೆ. ಟ್ರಂಕಿನಿಂದ ಮದುವೆಯ ಬಿಳಿ ಸೀರೆ ತೆಗೆದು ಹಿತ್ತಿಲ ತಂತಿಯ ಮೇಲೆ ಹರವಿದಳು. ಅಪ್ಪ ನೀರಿನ ಕೊಡ ಹೊತ್ತು ಬಂದವನು ಆ ಸೀರೆಯ ಮುಂದೆ ನಿಂತುಬಿಟ್ಟ.

"ಈ ಸಲ ನಾನು ಹೇಳಿಬಿಡುತ್ತೇನೆ, ಎಸ್ತೇರ್. ನೀನು ಎಲ್ಲರ ಎದುರು ಆ ಮಾತು ಆಡುವುದನ್ನು ನಾನು ನೋಡಲಾರೆ."

"ಕೊಡ ಇಳಿಸಿ ಮೊದಲು."

"ನನಗೆ ತಡೆಯಲು ಆಗುತ್ತಿಲ್ಲ."

"ನಿಮಗೆ ತಡೆಯಕ್ಕಾಗಲ್ಲ ಅಂತ ಈ ಹುಡುಗಿ ಬೀದಿಗೆ ಬೀಳ್ಬೇಕಾ? ನಿಮ್ಮ ಕಡೆ ಒಂದು ಗೇಣು ನೆಲ ಇಲ್ಲ. ನಮ್ಮೂರಲ್ಲಿ ನಮ್ಮನ್ನ ಹೊಸ್ತಿಲು ದಾಟಿಸಲ್ಲ. ಎಲ್ಲಿಗೆ ಹೋಗೋದು ಹೇಳಿ. ನೀವು ಹೇಳಿದ್ರೆ ನನ್ನ ಕೂಸು ಎದ್ದು ಬತ್ತದಾ?"

ಅಪ್ಪ ಕೊಡ ಇಳಿಸಿ ಕಲ್ಲಿನ ಮೇಲೆ ಕುಸಿದು ಕೂತ. ನೀನು ಯಾಕೆ ಹಾಗೆ ಹೇಳಿದೆ ಅವತ್ತು, ಎಂದು ಕೇಳಿದ. ಅಷ್ಟು ದಿನ ಅವನು ಅದನ್ನು ಕೇಳಿಯೇ ಇರಲಿಲ್ಲ ಎಂದು ಆಗ ನನಗೆ ಗೊತ್ತಾಯಿತು. ಅಮ್ಮ ಸೀರೆಯ ನಿರಿಗೆ ಬಿಡಿಸುತ್ತಲೇ ಹೇಳಿದಳು.

"ನಾನು ಬ್ಯಾಡ ಅಂದೆ. ಆದ್ರೂ ಎತ್ಕೊಂಡು ಓಡಿದ್ರಲ್ಲ. ಅವತ್ತು ನೀವು ಉಪದೇಶಿ ಆಗಿರ್ಲಿಲ್ಲ, ಅವನ ಅಪ್ಪ ಆಗಿದ್ರಿ. ಅದನ್ನ ಮಾರ್ಥಮ್ಮನ ಬಾಯಿಗೆ ಕೊಡಕ್ಕೆ ನಂಗೆ ಮನಸ್ಸು ಬರ್ಲಿಲ್ಲ."

"ಇದನ್ನು ಹೊತ್ತುಕೊಂಡು ನಾನು ಹೇಗೆ ಬದುಕಲಿ?"

"ಹೊರೋದೆಂತಕ್ಕೆ? ಹೊತ್ತಿದ್ದು ನಾನು. ನೀವು ಸುಮ್ನೆ ತಗೊಳ್ಳಿ. ಸಾಕು."

ಆ ಭಾನುವಾರ ಪಡಸಾಲೆ ತುಂಬಿತ್ತು. ಅಯ್ಯನವರು ಅಮ್ಮನನ್ನು ಮುಂದೆ ಕರೆದರು. ಬಿಳಿ ಸೀರೆಯಲ್ಲಿ ಅವಳು ಹೊಸ ಮದುವಣಗಿತ್ತಿಯ ಹಾಗೆ ಕಂಡಳು, ಸ್ವಲ್ಪ ಬಳಲಿದ ಮದುವಣಗಿತ್ತಿ. ಮಗುವಿಗೆ ದಾರ ಕಟ್ಟಿದ್ದು ನಿಜವೇ ಎಂದು ಕೇಳಿದರು. ನಿಜ ಅಯ್ಯನವರೇ, ಎಂದಳು. ಪಶ್ಚಾತ್ತಾಪ ಪಟ್ಟಿದ್ದೀರೋ ಎಂದರು. ದೇವರಿಗೆ ಗೊತ್ತಿದೆ, ಎಂದಳು. ಆಮೇಲೆ ನಮ್ಮ ಪದ್ಧತಿಯ ಪ್ರಕಾರ ಅಯ್ಯನವರು ಸಾಕ್ಷಿಗೆ ತಿರುಗಿದರು. ಹೊರಗಿಟ್ಟವರ ನಡತೆಯ ಬಗ್ಗೆ ಸ್ಥಳದ ಉಪದೇಶಿ ಸಾಕ್ಷಿ ಹೇಳಬೇಕು. ಆಕೆಯಲ್ಲಿ ಪಶ್ಚಾತ್ತಾಪದ ಫಲ ಕಂಡಿದ್ದೀರಾ, ದಾನಪ್ಪನವರೇ, ಎಂದರು.

ಅಪ್ಪ ಎದ್ದ. ಮೇಜಿನ ಅಂಚನ್ನು ಹಿಡಿದುಕೊಂಡ. ಹೊರಗೆ ಗಾಡಿಯೊಂದು ಹೋದದ್ದು, ಎತ್ತಿನ ಗಂಟೆ ದೂರವಾದದ್ದು ಕೇಳಿಸಿತು. ಆಕೆಯಲ್ಲಿ ತಪ್ಪೇ, ಎಂದು ಶುರು ಮಾಡಿ ನಿಂತ. ಅಮ್ಮ ಅವನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ಅಪ್ಪನೂ ನನ್ನ ಕಡೆ ನೋಡಿದ. ನನ್ನ ಎರಡು ಜಡೆ, ಶಾಲೆಯ ಲಂಗ, ಅಷ್ಟೇ ಇದ್ದದ್ದು ಅವನ ಎದುರು. ಆಮೇಲೆ ಅವನು ತಲೆ ತಗ್ಗಿಸಿ ಕಂಡಿದ್ದೇನೆ, ಎಂದ.

ಅಯ್ಯನವರು ರೊಟ್ಟಿ ಮುರಿದರು. ಅಪ್ಪ ತಟ್ಟೆ ಹಿಡಿದು ಎಲ್ಲರಿಗಿಂತ ಮೊದಲು ಅಮ್ಮನ ಮುಂದೆ ಬಂದ. ಅಮ್ಮ ಅಂಗೈ ಮೇಲೆ ಅಂಗೈ ಇಟ್ಟು ಚಾಚಿದಳು, ತೆಗೆದುಕೊಂಡಳು, ಕಣ್ಣು ಮುಚ್ಚಿ ನಿಧಾನವಾಗಿ ಅಗಿದಳು. ತಾನೇ ಸುಟ್ಟು, ಎರಡು ವರ್ಷ ರುಚಿ ನೋಡದ ರೊಟ್ಟಿ. ಅವಳ ಮುಖದಲ್ಲಿ ಆಗ ಕಂಡ ನೆಮ್ಮದಿಯನ್ನು ನಾನು ಆಮೇಲೆ ಬಹಳ ಮುಖಗಳಲ್ಲಿ ಹುಡುಕಿದ್ದೇನೆ. ಎಲ್ಲರದೂ ಮುಗಿದು ಅಯ್ಯನವರು ಕೊನೆಗೆ ತಟ್ಟೆಯನ್ನು ಅಪ್ಪನ ಕಡೆ ಹಿಡಿದರು. ಅಪ್ಪ ಕೈ ಮುಗಿದ. ಮುಗಿದ ಕೈಯನ್ನು ಬಿಡಿಸಲಿಲ್ಲ. ಅಯ್ಯನವರು ಒಂದು ಗಳಿಗೆ ಕಾದು, ತಟ್ಟೆಯನ್ನು ಮೇಜಿನ ಮೇಲಿಟ್ಟು ಬಟ್ಟೆ ಮುಚ್ಚಿದರು. ಹೆಂಡತಿಯ ಸಲುವಾಗಿ ಎಂಥ ದೀನತೆ ಎಂದು ಸಭೆಯವರು ಅಂದುಕೊಂಡಿರಬೇಕು.

ಅಯ್ಯನವರ ಊಟಕ್ಕೆ ಕೋಳಿ ಕುಯ್ದಿದ್ದರು. ಅಪ್ಪ ಬಡಿಸಿದನೇ ಹೊರತು ತಾನು ಕೂರಲಿಲ್ಲ. ಅವರನ್ನು ಬಸ್ಸು ಹತ್ತಿಸಿ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತ. ಅಮ್ಮ ಬಿಳಿ ಸೀರೆಯಲ್ಲೇ ಪಾತ್ರೆ ತೊಳೆಯುತ್ತಿದ್ದಳು.

"ಎಂತಕ್ಕೆ ತಗೊಳ್ಳಲಿಲ್ಲ?"

"ನನಗೆ ಯೋಗ್ಯತೆ ಇಲ್ಲ, ಎಸ್ತೇರ್."

"ಯೋಗ್ಯತೆ ಇದ್ದೋರಿಗೆ ಅಂತ ನಾನು ಸುಟ್ಟಿದ್ದಲ್ಲ ಅದು."

ಅಪ್ಪ ಬಗ್ಗಿ ತೊಳೆದ ಪಾತ್ರೆಯೊಂದನ್ನು ಬೋರಲಿಟ್ಟ.

"ಬಂದಳಿಕೆ ಕುರಿಯೋರಿಗೆ ಹೇಳ್ತೀರಲ್ಲ, ಎಂತದೂ ಮಾಡೋದು ಬ್ಯಾಡ ಅಂತ. ನಿಮಗೆ ಮಾತ್ರ ಬ್ಯಾರೆ ದೇವ್ರಾ?"

"ಅವರಿಗೆ ಹೇಳುವುದು ಸುಲಭ."

ಅಮ್ಮ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟಳು. ಅವಳ ಧ್ವನಿ ಏರಲಿಲ್ಲ, ಇಳಿಯಿತು.

"ಹಂಗಾದ್ರೆ ನಾನು ಎರಡು ವರ್ಷ ಅಲ್ಲಿ ಹಿಂದೆ ಕೂತಿದ್ದು ಯಾತಕ್ಕೆ?"

ಅಪ್ಪ ಮೊಳೆಗೆ ತೂಗುಹಾಕಿದ್ದ ಚೀಲ ತೆಗೆದುಕೊಂಡು, ಬಿರಿದ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು, ಆ ಉರಿ ಬಿಸಿಲಲ್ಲಿ ಬಳ್ಳಿಗಾವಿಯ ದಾರಿ ಹಿಡಿದ. ಬೆಳಗಿನಿಂದ ಒಂದು ಹನಿ ನೀರೂ ಕುಡಿದಿರಲಿಲ್ಲ. ಅಮ್ಮ ಬಾಗಿಲಿನವರೆಗೆ ಹೋಗಲಿಲ್ಲ. ಅವನ ಹೆಜ್ಜೆಯ ಸದ್ದು ನಿಂತ ಮೇಲೆ ಒಲೆಯ ಪಕ್ಕದಿಂದ ಒಂದು ಮುಚ್ಚಿದ ತಟ್ಟೆ ತಂದು ನನ್ನ ಮುಂದಿಟ್ಟಳು. ಬಿಸಿ ಅನ್ನ, ಸಾರು, ಅಯ್ಯನವರಿಗೂ ಬಡಿಸದೆ ನನಗೆಂದು ಎತ್ತಿಟ್ಟಿದ್ದ ಕೋಳಿಯ ಕಾಲು. ವರ್ಷಕ್ಕೊಮ್ಮೆಯೂ ನನ್ನ ಪಾಲಿಗೆ ಬಾರದ ವಸ್ತು ಅದು.

"ಉಣ್ಣು ಮಗಾ. ನಿಂಗೆ ಅಂತಲೇ ಇಟ್ಟಿದ್ದು."

ನನಗೆ ಹಸಿವಾಗಿತ್ತು, ಬಾಯಲ್ಲಿ ನೀರು ಬಂದಿತ್ತು. ಆದರೂ ತಟ್ಟೆಯನ್ನು ಮೆಲ್ಲಗೆ ಅವಳ ಕಡೆಗೇ ತಳ್ಳಿದೆ.

"ಬ್ಯಾಡಮ್ಮ. ನಾನು ಇವತ್ತು ಎಂತ ಕೆಲಸನೂ ಮಾಡಿಲ್ಲ."

ಅಮ್ಮ ನನ್ನ ಕೆನ್ನೆಗೆ ಹೊಡೆದಳು. ಅದಕ್ಕೆ ಮೊದಲೂ ಅವಳು ನನ್ನ ಮೇಲೆ ಕೈ ಮಾಡಿದವಳಲ್ಲ, ಆಮೇಲೂ ಇಲ್ಲ. ಎದ್ದು ಓಡಲು ಹೋದವಳನ್ನು ಜಡೆ ಹಿಡಿದು ಕೂರಿಸಿದಳು. ಹೊಡೆದ ಕೈಯಲ್ಲೇ ಅನ್ನ ಕಲೆಸಿ, ಮಾಂಸ ಬಿಡಿಸಿ, ತುತ್ತು ಮಾಡಿ ನನ್ನ ತುಟಿಗೆ ಒತ್ತಿ ಹಿಡಿದಳು. ಅವಳ ಕಣ್ಣೀರು ನನ್ನ ಲಂಗದ ಮೇಲೆ ಬೀಳುತ್ತಿತ್ತು. ನುಂಗು, ಎಂದಳು. ನುಂಗೇ, ಸುಮ್ಮನೆ ನುಂಗು. ನಾನು ಬಾಯಿ ತೆರೆದೆ.